9 ವರ್ಷದ ಮಗುವಿನ ಓಟದ ಟೈಮ್ ನೋಡಿ ಜಾತಕ ಬರೆಯಬೇಡಿ

ಕಳೆದ ಭಾನುವಾರ ಬೆಳಿಗ್ಗೆ ಶಿರಸಿಯ ಮಾರಿಕಾಂಬಾ ಕ್ರೀಡಾಂಗಣದಲ್ಲಿ ಒಬ್ಬರು ಅಪ್ಪ ನನ್ನ ಹತ್ತಿರ ಬಂದರು. ಜೊತೆಗೆ 9 ವರ್ಷದ ಮಗ, ಕಾಲಲ್ಲಿ ಹೊಸ ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮೊಳೆ ಇರುವ ಓಟದ ಬೂಟು. ಅಪ್ಪನ ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್. "ಅಕ್ಕೋರೆ, 100 ಮೀಟರ್ 16.2. ನಮ್ಮ ಮಾಣಿ ಎಲ್ಲಿವರೆಗೆ ಹೋಗಬಹುದು ಹೇಳಿ" ಅಂದರು. ಈಜು ಬಿಡಿಸಿದ್ದಾರಂತೆ, ಸಂಜೆಯ ಕ್ರಿಕೆಟ್ಟೂ ಬಿಡಿಸಿದ್ದಾರಂತೆ. ಈಗ ದಿನಾ ಬೆಳಿಗ್ಗೆ ಬರೀ ಓಟ. ಮಾಣಿ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದ.

ಶಾಲೆಯಲ್ಲಿ ಪಿಟಿ ಅಕ್ಕೋರಾಗಿ 20 ವರ್ಷ ಆಯ್ತು. ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಮೊದಲು ಆ 16.2ರ ವಿಷಯ. 100 ಮೀಟರ್ ಅಳೆದಿದ್ದು ಹೇಗೆ ಅಂತ ಕೇಳಿದೆ. ಹೆಜ್ಜೆ ಹಾಕಿ ಎಣಿಸಿದ್ದರು. ಟೇಪ್ ಹಿಡಿದು ನೋಡಿದರೆ 94 ಮೀಟರ್. ಇನ್ನು ಗಡಿಯಾರ. ಕೈಯಲ್ಲಿ ಒತ್ತುವಾಗ ಬೆರಳು ಶುರುವಿಗೆ ತಡ ಮಾಡುತ್ತದೆ, ಗೆರೆ ಹತ್ತಿರ ಬಂದಾಗ ಅವಸರ ಮಾಡುತ್ತದೆ. 100 ಮೀಟರ್‌ನಲ್ಲಿ ಕೈ ಟೈಮನ್ನು ಎಲೆಕ್ಟ್ರಾನಿಕ್ ಟೈಮಿಗೆ ಹೋಲಿಸಬೇಕಾದರೆ 0.24 ಸೆಕೆಂಡು ಸೇರಿಸಿಕೊಳ್ಳುವುದು ರೂಢಿ. ಅದೂ ಪಳಗಿದ ಕೈಯಾದರೆ. ಇದನ್ನೆಲ್ಲ ಅಪ್ಪನನ್ನು ಆಚೆ ಕರೆದು ಹೇಳಿದೆ, ಮಗನ ಎದುರು ಅಲ್ಲ.

ಆದರೆ ಟೇಪೂ ಗಡಿಯಾರವೂ ಸರಿ ಇದ್ದಿದ್ದರೂ ನನ್ನ ಉತ್ತರ ಅದೇ ಆಗಿರುತ್ತಿತ್ತು. ಇವನು ಎಲ್ಲಿವರೆಗೆ ಹೋಗುತ್ತಾನೆ ಅಂತ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಒಂದೇ ಕ್ಲಾಸಿನಲ್ಲಿ ಜೂನ್‌ನಲ್ಲಿ ಹುಟ್ಟಿದವನೂ ಇರುತ್ತಾನೆ, ಮುಂದಿನ ಮೇ ತಿಂಗಳಲ್ಲಿ ಹುಟ್ಟಿದವನೂ ಇರುತ್ತಾನೆ. ಹತ್ತಿರ ಹತ್ತಿರ ಒಂದು ವರ್ಷದ ಅಂತರ. 30 ವರ್ಷದವರಿಗೆ ಅದು ಏನೂ ಅಲ್ಲ. 9 ವರ್ಷದ ಮಗುವಿಗೆ ಅದು ಇಡೀ ಆಯುಷ್ಯದ ಒಂಬತ್ತನೇ ಒಂದು ಭಾಗ. ನಾವು ಮಾತ್ರ ಇಬ್ಬರನ್ನೂ ಒಂದೇ ಸುಣ್ಣದ ಗೆರೆ ಮೇಲೆ ನಿಲ್ಲಿಸಿ ಸೀಟಿ ಊದುತ್ತೇವೆ.

ಆಮೇಲೆ ಬೆಳವಣಿಗೆ. ಹೆಣ್ಣುಮಕ್ಕಳು ಸರಾಸರಿ 12ರ ಹೊತ್ತಿಗೆ, ಗಂಡುಮಕ್ಕಳು 14ರ ಹೊತ್ತಿಗೆ ಎಲ್ಲಕ್ಕಿಂತ ಜೋರಾಗಿ ಎತ್ತರ ಬೆಳೆಯುತ್ತಾರೆ. ಕೆಲವರಿಗೆ ಎರಡು ವರ್ಷ ಮೊದಲು, ಕೆಲವರಿಗೆ ಎರಡು ವರ್ಷ ತಡ. ಹಾಗಾಗಿ 14ರ ಒಳಗಿನ ಓಟದಲ್ಲಿ ಮೀಸೆ ಚಿಗುರಿದವನ ಪಕ್ಕದಲ್ಲೇ ಹಾಲುಗಲ್ಲದವನು ನಿಂತಿರುತ್ತಾನೆ. ಗೆದ್ದವನು ಯಾರು ಅಂತ ಓಡಿಸದೇ ಹೇಳಬಹುದು.

ಅಂಥ ಒಬ್ಬ ಹುಡುಗ ನನ್ನ ಶಾಲೆಯಲ್ಲೇ ಇದ್ದ. ಏಳನೇ ಕ್ಲಾಸಿಗೇ ಗಟ್ಟಿ ಆಳು. ತಾಲೂಕು ಮಟ್ಟದಲ್ಲಿ 100, 200, ಉದ್ದ ಜಿಗಿತ, ಮೂರರಲ್ಲೂ ಮೊದಲು. ವೀರಾಗ್ರಣಿ. ಊರಲ್ಲಿ ಬ್ಯಾನರ್ ಹಾಕಿದರು. ಶಾಲೆಗೆ ಪಾಯಿಂಟ್ ಬರಲಿ ಅಂತ ರಿಲೇಗೂ ಅವನೇ, ಕಬಡ್ಡಿಗೂ ಅವನೇ. ಆ ಪಟ್ಟಿ ಬರೆದವಳು ನಾನೇ. ಮೊಣಕಾಲ ಚಿಪ್ಪಿನ ಕೆಳಗೆ ನೋವು ಅಂತ ಅವನು ಎರಡು ಸಲ ಹೇಳಿದ್ದ. ಬೆಳೆಯುವ ಮಕ್ಕಳಲ್ಲಿ ಆ ಜಾಗದ ಮೂಳೆ ಇನ್ನೂ ಎಳೆಯದು. ಓಡುವಾಗ, ಜಿಗಿಯುವಾಗ ತೊಡೆಯ ಸ್ನಾಯು ಅದನ್ನು ಮತ್ತೆ ಮತ್ತೆ ಜಗ್ಗುತ್ತದೆ. ಅದಕ್ಕೆ ಬೇಕಿದ್ದದ್ದು ಹೊರೆ ಕಡಿಮೆ ಮಾಡುವುದು. ನಾನು ಸ್ಪ್ರೇ ಹೊಡೆದು ಓಡಿಸಿದೆ.

ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಉಳಿದವರೂ ಬೆಳೆದರು. ಅವನ ಟೈಮ್ ಇದ್ದಲ್ಲೇ ಇತ್ತು. "ಏನಾಯ್ತೋ ನಿನಗೆ?" ಅಂತ ಎಲ್ಲರೂ ಕೇಳುವವರೇ. ಅವನಿಗೆ ಏನೂ ಆಗಿರಲಿಲ್ಲ, ಸುಮ್ನೆ ಬೇರೆಯವರು ಅವನ ಎತ್ತರಕ್ಕೆ ಬಂದಿದ್ದರು ಅಷ್ಟೇ. ಇದನ್ನು ಅವನಿಗೆ ಹೇಳುವವರೇ ಇರಲಿಲ್ಲ. ಕೊನೆಯ ವರ್ಷ ಕ್ರೀಡಾಕೂಟದ ದಿನ ಶಾಲೆಗೇ ಬರಲಿಲ್ಲ ಅಂತ ಹೈಸ್ಕೂಲಿನವರು ಹೇಳಿದರು. ಈಗಲೂ ನೆನಪಾದರೆ ಎದೆ ಹಿಂಡುತ್ತದೆ.

ನಮ್ಮ ಜಿಲ್ಲೆಗೆ ಇದರ ದೊಡ್ಡ ಪಾಠವೇ ಇದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ಶುರು ಮಾಡಿತು. ಕಮಲಾ ಮಿಂಗೆಲ್ ಸಿದ್ದಿಯಂಥ ಹರ್ಡಲ್ಸ್ (ಅಡೆತಡೆ ಹಾರಿ ಓಡುವ) ಓಟಗಾರ್ತಿ ಬಂದಿದ್ದು ಅಲ್ಲಿಂದಲೇ. 1993ಕ್ಕೆ ಯೋಜನೆ ನಿಂತಿತು. ಲೆಕ್ಕ ಹಾಕಿ. ಮೊದಲ ವರ್ಷ 10ರ ಮಗು ಸೇರಿದ್ದರೂ ನಿಲ್ಲುವಾಗ ಅದಕ್ಕೆ 16. ನಿಜವಾದ ಓಟ ಶುರುವಾಗುವುದೇ ಆಗ ಅಲ್ವಾ? "ಅವರ ರಕ್ತದಲ್ಲೇ ಓಟ ಇದೆ" ಅಂತ ಈಗಲೂ ಹಳಿಯಾಳ, ಯಲ್ಲಾಪುರದ ಕಡೆ ಜನ ಹೇಳುತ್ತಾರೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ರಕ್ತದ ಮಾತು ಬಿಡಿ, ಇನ್ನೊಂದು ಹತ್ತು ವರ್ಷ ಹಾಸ್ಟೆಲ್, ಊಟ, ಕೋಚ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ.

ಉಸೇನ್ ಬೋಲ್ಟ್ 15ಕ್ಕೇ ಗೆದ್ದಿರಲಿಲ್ಲವೇ ಅಂತ ಯಾರಾದರೂ ಕೇಳುತ್ತೀರಿ. ಹೌದು, 2002ರಲ್ಲಿ ಕಿಂಗ್‌ಸ್ಟನ್‌ನಲ್ಲಿ 200 ಮೀಟರ್ ವಿಶ್ವ ಜೂನಿಯರ್ ಚಿನ್ನ. ಆದರೆ ಅದು 15, 9 ಅಲ್ಲ. ಹಿಮಾ ದಾಸ್ ಅಸ್ಸಾಂನ ಗದ್ದೆಯಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಿದ್ದವಳು. ಓಟಕ್ಕೆ ಬಂದಿದ್ದು ತಡವಾಗಿ. 2018ರಲ್ಲಿ 18ನೇ ವಯಸ್ಸಿಗೆ 20ರ ಒಳಗಿನವರ ವಿಶ್ವ ಕೂಟದಲ್ಲಿ 400 ಮೀಟರ್ ಚಿನ್ನ, 51.46 ಸೆಕೆಂಡು. ನಾರ್ವೆಯ ಕಾರ್ಸ್ಟೆನ್ ವಾರ್ಹೋಮ್ ಹುಡುಗನಾಗಿದ್ದಾಗ ಓಟ, ಜಿಗಿತ, ಎಸೆತ ಎಲ್ಲ ಮಾಡಿದವನು. ಟೋಕಿಯೊದಲ್ಲಿ 400 ಮೀಟರ್ ಹರ್ಡಲ್ಸ್ 45.94ಕ್ಕೆ ಮುಗಿಸಿ ವಿಶ್ವದಾಖಲೆ ಮಾಡಿದ. ಅವನ ದೇಶದಲ್ಲಿ 11 ವರ್ಷ ತುಂಬುವವರೆಗೆ ಮಕ್ಕಳಿಗೆ ರ್‍ಯಾಂಕ್ ಪಟ್ಟಿಯೇ ಇಲ್ಲ.

ಹಾಗಾದರೆ ಏನು ನೋಡಬೇಕು? ನಾನು ನೋಡುವುದು ಬೇರೆ. ಸೋತ ಮರುದಿನ ಮಗು ಮೈದಾನಕ್ಕೆ ಬರುತ್ತದಾ? ಮಳೆ ನಿಂತ ಕೂಡಲೇ "ಅಕ್ಕೋರೆ, ಗ್ರೌಂಡಿಗೆ ಹೋಪನ?" ಅಂತ ಕೇಳುತ್ತದಾ? ತೋರಿಸಿಕೊಟ್ಟಿದ್ದನ್ನು ಎರಡನೇ ಸಲಕ್ಕೆ ಸ್ವಲ್ಪ ಚೆನ್ನಾಗಿ ಮಾಡುತ್ತದಾ? ಇವೂ ಭವಿಷ್ಯ ಹೇಳುವುದಿಲ್ಲ. ಆದರೆ ಮಗು ಮೈದಾನದಲ್ಲಿ ಉಳಿಯುತ್ತದೋ ಇಲ್ಲವೋ ಅನ್ನುವುದು ಇದರಿಂದ ಸ್ವಲ್ಪ ಗೊತ್ತಾಗುತ್ತದೆ. ಉಳಿದರೆ ತಾನೇ ಮುಂದಿನದು?

ಆ ಅಪ್ಪ ಕೊನೆಗೆ ಕೇಳಿದರು, "ಹಾಗಾದ್ರೆ ಟೈಮ್ ಬರೆದಿಡೋದೇ ಬೇಡ್ವಾ?" ಬರೆದಿಡಿ, ಆದರೆ ಪಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಎತ್ತರಾನೂ ಬರೆದಿಡಿ ಅಂದೆ. ಒಮ್ಮೆಲೇ ಎತ್ತರ ಏರತೊಡಗಿದರೆ ಓಟ ಕಡಿಮೆ ಮಾಡಿಸಿ, ಆಗ ಟೈಮ್ ಕೆಟ್ಟರೆ ಬೈಯಬೇಡಿ. ಈಜು ಮತ್ತೆ ಶುರು ಮಾಡಿಸಿ. ನಾವು ಮಾತಾಡುತ್ತಿದ್ದಾಗ ಮಾಣಿ ಸ್ಪೈಕ್ಸ್ ಬಿಚ್ಚಿಟ್ಟು ಆ ಕಡೆ ಹುಡುಗರ ಜೊತೆ ಬರಿಗಾಲಲ್ಲಿ ಮುಟ್ಟಾಟ ಶುರು ಮಾಡಿದ್ದ. ಕರೆದರೂ ಬರಲಿಲ್ಲ.

ನಿನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಅವರ ಮನೆ ಬಾಗಿಲ ಚೌಕಟ್ಟು, ಅದರ ಮೇಲೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಕು, 131 ಸೆಂ.ಮೀ. ಕೆಳಗೆ ಅಂಗನವಾಡಿಗೆ ಹೋಗುವ ತಂಗಿಯದ್ದೂ ಒಂದು ಗೆರೆ ಇತ್ತು.