ಗುಂಡಿ ಮುಚ್ಚಬೇಡಿ, ಖಜಾನೆಗೆ ನಷ್ಟ

ಬೆಂಗಳೂರಿನ ರಸ್ತೆಗುಂಡಿ ಮುಚ್ಚಿ ಅಂತ ಬೊಬ್ಬೆ ಹೊಡೆಯುವವರಿಗೆ ಲೆಕ್ಕ ಗೊತ್ತಿಲ್ಲ. ಸರ್ಕಾರಕ್ಕೆ ಗೊತ್ತಿದೆ. ಅದಕ್ಕೇ ಗಡುವಿನ ಮೇಲೆ ಗಡುವು ಬರುತ್ತೆ, ಡಾಂಬರು ಬರಲ್ಲ. 2015ರಲ್ಲೇ ಗುಂಡಿ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2025ರಲ್ಲಿ ಇದ್ದ ಪಾಲಿಕೆಯೂ ಹೋಯಿತು, ಒಂದರ ಜಾಗದಲ್ಲಿ ಐದು ಬಂದವು, ತಲೆಯ ಮೇಲೊಂದು ಪ್ರಾಧಿಕಾರ ಬಂತು. ಗುಂಡಿ ಮಾತ್ರ ಅಲ್ಲೇ ಇದೆ. ಅದೇನು ಸುಮ್ನೆ ಬಿದ್ದುಕೊಂಡಿಲ್ಲ, ಡ್ಯೂಟಿ ಮೇಲಿದೆ.

ಹೇಗೆ ಅಂತೀರಾ? ಸ್ಟೇರಿಂಗ್ ಪೂರ್ತಿ ತಿರುಗಿಸಿ ಕಾರು ನಿಲ್ಲಿಸಿ, ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ. ಮಡಿಕೆ ಮಡಿಕೆಯಾಗಿ ಒಂದು ಕಪ್ಪು ರಬ್ಬರ್ ಬೂಟ್ ಕಾಣುತ್ತೆ. ಅದರೊಳಗೆ ಸಿವಿ ಜಾಯಿಂಟ್. ಚಕ್ರ ತಿರುಗಲಿ, ಏಳಲಿ, ಬೀಳಲಿ, ಇಂಜಿನ್ನಿನ ಶಕ್ತಿಯನ್ನು ಜರ್ಕ್ ಇಲ್ಲದೆ ಮುಟ್ಟಿಸುವುದು ಅದರ ಕೆಲಸ. ಆರು ಉಕ್ಕಿನ ಗೋಲಿ, ಒಂದು ಹಿಡಿ ಗ್ರೀಸ್, ಅಷ್ಟೇ ಸಂಸಾರ. ಬೂಟ್ ಗಟ್ಟಿಯಿದ್ದರೆ ಲಕ್ಷ ಕಿಲೋಮೀಟರ್ ದಾಟಿದರೂ ಕಮಕ್ ಕಿಮಕ್ ಅನ್ನಲ್ಲ.

ಇಲ್ಲೇ ನಮ್ಮ ಗುಂಡಿಯ ಜಾಣತನ ನೋಡಿ. ಅದು ನೇರವಾಗಿ ಜಾಯಿಂಟ್ ಮುರಿಯಲ್ಲ, ಅಷ್ಟು ಒರಟಲ್ಲ. ಕಿತ್ತುಬಂದ ಜಲ್ಲಿಯ ಒಂದು ಚೂರು ಎಸೆದು ಬೂಟಿನ ಮಡಿಕೆಯಲ್ಲಿ ಸಣ್ಣ ಸೀಳು ಮಾಡುತ್ತೆ. ಚಕ್ರ ತಿರುಗಿದಂತೆ ಗ್ರೀಸ್ ಹೊರಗೆ ಚಿಮ್ಮುತ್ತೆ, ರಿಮ್ಮಿನ ಒಳಗೆಲ್ಲ ಕಾಡಿಗೆ ಬಳಿದ ಹಾಗೆ. ಆಮೇಲೆ ಮಳೆಯ ಕೆಸರು ಒಳಗೆ ಹೋಗಿ ಗೋಲಿಗಳನ್ನು ಅರೆಯೋಕೆ ಶುರು. ಕೆಲವು ವಾರ ಬಿಟ್ಟು ಯೂಟರ್ನ್ ಹೊಡೆಯುವಾಗ ಕಟ್, ಕಟ್, ಕಟ್.

ಗುಂಡಿಗೆ ಸುಸ್ತಾದರೆ ಹಂಪ್ ಇದೆಯಲ್ಲ. ರಸ್ತೆಗಳ ಅಳತೆ-ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಅದು 10 ಸೆಂಟಿಮೀಟರ್ ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪಿಗೆ ಎತ್ತರ ಜಾಸ್ತಿಯೇ ಸಿಗುತ್ತೆ, ಅಗಲ ಮಾತ್ರ ಕೊಡೋದು ಮರೆಯುತ್ತಾರೆ. ತಳ ಉಜ್ಜುತ್ತೆ ಅಂತ ಜನ ಸ್ಟೇರಿಂಗ್ ಓರೆ ಮಾಡಿ, ಆಕ್ಸಿಲರೇಟರ್ ಒತ್ತಿ, ಅಡ್ಡಡ್ಡ ಹತ್ತಿಸುತ್ತಾರೆ. ಸವೆದ ಜಾಯಿಂಟಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಾ?

ಗ್ಯಾರೇಜಿಗೆ ಹೋಗಿ, "ಅಣ್ಣಾ, ಎಡಗಡೆದೇ ಯಾಕೆ ಮೊದಲು ಹೋಗತ್ತೆ?" ಅಂತ ಕೇಳಿ ನೋಡಿ. "ರೋಡಿನ ಎಡಗಡೆ ರೋಡೇ ಇಲ್ವಲ್ಲ ಸಾರ್" ಅಂತಾರೆ. ಸೀಳಿದ ತಕ್ಷಣ ಹೋಗಿದ್ದರೆ ಬೂಟು, ಕ್ಲಿಪ್ಪು, ಹೊಸ ಗ್ರೀಸಿನಲ್ಲಿ, ಅಂದರೆ ನೂರುಗಳ ಲೆಕ್ಕದಲ್ಲಿ ಮುಗಿಯುತ್ತಿತ್ತು. ಸದ್ದು ಬಂದಮೇಲೆ ಜಾಯಿಂಟೇ ಹೊಸದು, ಇಲ್ಲಾ ಇಡೀ ಆಕ್ಸಲ್. ಅದು ಸಾವಿರಗಳ ಮಾತು.

ಈಗ ಖಜಾನೆ ಲೆಕ್ಕಕ್ಕೆ ಬನ್ನಿ. ಕರ್ನಾಟಕದಲ್ಲಿ 10 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ 17 ಪರ್ಸೆಂಟ್ ರೋಡ್ ಟ್ಯಾಕ್ಸ್, 20 ಲಕ್ಷ ದಾಟಿದರೆ 18, ಮೇಲೆ ಸೆಸ್. ದೇಶದಲ್ಲೇ ದುಬಾರಿ ಟ್ಯಾಕ್ಸ್‌ಗಳ ಸಾಲಿನಲ್ಲಿದೆ ಇದು. ಕಾರಿನ ಜೀವಮಾನಕ್ಕೆಲ್ಲ ಅಂತ ಒಂದೇ ಸಲ ಕಟ್ಟಿಸಿಕೊಂಡುಬಿಡುತ್ತಾರೆ. ಅಲ್ಲಿಗೆ ನಿಮ್ಮ ಕಾರಿನಿಂದ ಆದಾಯ ನಿಂತೇ ಹೋಯಿತಲ್ವಾ? ರಸ್ತೆ ನೆಟ್ಟಗಿದ್ದರೆ ಸರ್ಕಾರ ಮುಂದಿನ 15 ವರ್ಷ ಬಾಯಿಗೆ ಬೆರಳಿಟ್ಟುಕೊಂಡು ಕೂರಬೇಕು. ಆಗ ಬರುತ್ತೆ ನೋಡಿ ಗುಂಡಿ. ಹೊಸ ಜಾಯಿಂಟಿಗೆ 18 ಪರ್ಸೆಂಟ್ ಜಿಎಸ್‌ಟಿ, ಹಾಕುವ ಕೂಲಿಗೂ 18. ಅದರಲ್ಲಿ 9 ದಿಲ್ಲಿಗೆ, 9 ಇಲ್ಲಿಗೆ. ಕೇಂದ್ರ ಮತ್ತು ರಾಜ್ಯ ಜಗಳವಾಡದೆ ಹಂಚಿಕೊಳ್ಳುವುದು ಇದೊಂದನ್ನೇ ಇರಬೇಕು. 2025ರ ಸೆಪ್ಟೆಂಬರ್‌ವರೆಗೆ ಬಹಳಷ್ಟು ಬಿಡಿಭಾಗಗಳಿಗೆ 28 ಇತ್ತು. 18ಕ್ಕೆ ಇಳಿಸಿದ್ದಾರೆ, ಅಂದರೆ ಹಳೇ ವಸೂಲಿ ಮುಟ್ಟಬೇಕಾದರೆ ಗುಂಡಿಗಳು ಇನ್ನೂ ಜಾಸ್ತಿ ದುಡಿಯಬೇಕು.

ಒಂದೇ ತೊಂದರೆ. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, "ಬಿಲ್ ಬೇಕಾ ಸಾರ್? ಬಿಲ್ ಅಂದ್ರೆ ಟ್ಯಾಕ್ಸ್ ಸೇರತ್ತೆ" ಅಂತಾನೆ. ನೀವು ಬೇಡ ಅಂದುಬಿಡುತ್ತೀರಿ. ಪಾಪ, ಮಳೆಯಲ್ಲಿ ನೆನೆದು ಗುಂಡಿ ದುಡಿದಿದ್ದೆಲ್ಲ ನೀರುಪಾಲು. ಹಾಗಾಗಿ ಇಂಜಿನಿಯರುಗಳನ್ನು ಗುಂಡಿ ಎಣಿಸೋಕೆ ಕಳಿಸಿ ಉಪಯೋಗವಿಲ್ಲ, ಪ್ರತಿ ಗ್ಯಾರೇಜಿನ ಬಾಗಿಲಲ್ಲೂ ಒಬ್ಬ ಟ್ಯಾಕ್ಸ್ ಇನ್‌ಸ್ಪೆಕ್ಟರನ್ನು ಕೂರಿಸಿ. ಕುರ್ಚಿ, ಟೀ ನಮ್ಮದು. ಮೆಟ್ರೋದಲ್ಲೇ ಬನ್ನಿ ಅಂತ ಮಾತ್ರ ಹೇಳಿ ಕಳಿಸಿ, ಸ್ವಂತ ಕಾರು ತಂದರೆ ಅವರೂ ಅಲ್ಲೇ ಕ್ಯೂನಲ್ಲಿ ನಿಲ್ಲಬೇಕಾಗುತ್ತೆ.