ಪ್ಯಾಟ್ರಿಕ್ ಹೀಲಿ ಜಾರ್ಜ್‌ಟೌನ್ ಸ್ಥಾಪಿಸಿದವರಲ್ಲ

ಹಾಸನದ ನಮ್ಮ ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ‘ಗುಲಾಮಗಿರಿಯಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲೂ ಹತ್ತದೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸ್ಥಾಪಿಸಿದ ಪಾದ್ರಿ ಪ್ಯಾಟ್ರಿಕ್ ಹೀಲಿ’ ಅಂತ. ಹುಟ್ಟಿನ ಮಾತು ನಿಜ. ಉಳಿದದ್ದು ತಪ್ಪು.

ಹೀಲಿ ಹುಟ್ಟಿದ್ದು 1834ರಲ್ಲಿ, ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ. ತಂದೆ ಐರ್ಲೆಂಡಿನಿಂದ ಬಂದ ಜಮೀನ್ದಾರ, ತಾಯಿ ಗುಲಾಮಗಿರಿಯಲ್ಲಿದ್ದವರು. ಅಲ್ಲಿನ ಕಾನೂನಿನಲ್ಲಿ ತಾಯಿಯ ಸ್ಥಿತಿಯೇ ಮಕ್ಕಳಿಗೂ. ಹಾಗಾಗಿ ತಂದೆ ಮಕ್ಕಳನ್ನು ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ಕಳಿಸಿ ಓದಿಸಿದರು. ಹೀಲಿ 1850ರಲ್ಲಿ ಹೋಲಿ ಕ್ರಾಸ್ ಕಾಲೇಜಿನಲ್ಲಿ ಪದವಿ ಮುಗಿಸಿ ಕ್ಯಾಥೊಲಿಕ್ ಪಾದ್ರಿಗಳ ಜೆಸ್ಯೂಟ್ ಸಭೆ ಸೇರಿದರು, ಕೆಲವು ಕಾಲ ಪಾಠ ಮಾಡಿದರು, ಆಮೇಲೆ ಯುರೋಪಿಗೆ ಹೋಗಿ 1865ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಡಾಕ್ಟರೇಟ್ ಪಡೆದರು. ಇಷ್ಟು ಕಷ್ಟಪಟ್ಟು ಓದಿದವರನ್ನು ಓದೇ ಇಲ್ಲ ಅನ್ನುವುದು ಅನ್ಯಾಯ ಅಲ್ವಾ?

ಜಾರ್ಜ್‌ಟೌನ್ 1789ರಷ್ಟು ಹಳೆಯದು, ಸ್ಥಾಪಿಸಿದವರು ಜಾನ್ ಕ್ಯಾರೊಲ್. ಹೀಲಿ ಅಲ್ಲಿಗೆ ಬಂದಿದ್ದು 1866ರಲ್ಲಿ, ತತ್ವಶಾಸ್ತ್ರದ ಮೇಷ್ಟ್ರಾಗಿ. 1874ರಿಂದ 1882ರವರೆಗೆ ಅಧ್ಯಕ್ಷರಾಗಿದ್ದರು. ವಿಜ್ಞಾನದ ಪಾಠಗಳಿಗೆ ಒತ್ತು ಕೊಟ್ಟರು, ಕಾನೂನು ಮತ್ತು ವೈದ್ಯಕೀಯ ವಿಭಾಗಗಳನ್ನು ಗಟ್ಟಿ ಮಾಡಿದರು. ಎತ್ತರದ ಗೋಪುರವಿರುವ ಹೀಲಿ ಹಾಲ್ ಕಟ್ಟಡದ ಕೆಲಸ 1877ರಲ್ಲಿ ಶುರುವಾಗಿದ್ದು ಅವರ ಕಾಲದಲ್ಲೇ. ಇದಕ್ಕೆಲ್ಲ ಅವರನ್ನು ಆ ಸಂಸ್ಥೆಯ ‘ಎರಡನೇ ಸಂಸ್ಥಾಪಕ’ ಅನ್ನುವುದುಂಟು, ಗೊಂದಲ ಅಲ್ಲಿಂದಲೇ ಬಂದಿರಬೇಕು.

ಮಕ್ಕಳಿಗೆ ಕಳಿಸುವುದಾದರೆ ದಯವಿಟ್ಟು ತಿದ್ದಿ ಕಳಿಸಿ.