ಮತದಾನಕ್ಕೆ ಮುಂಚಿನ 48 ಗಂಟೆ: ಆನ್‌ಲೈನ್ ಪ್ರಚಾರವೂ ನಿಲ್ಲಬೇಕೇ?

ಪರ: ಮೈಕ್ ಇಳಿದ ಮೇಲೆ ಫೋನ್ ಯಾಕೆ ಕೂಗಬೇಕು?

2023ರ ಮೇ 8ರ ಸಂಜೆ 6ಕ್ಕೆ ವಿಧಾನಸಭಾ ಚುನಾವಣೆಯ ಬಹಿರಂಗ ಪ್ರಚಾರಕ್ಕೆ ತೆರೆ ಬಿತ್ತು. ಆಟೊಗಳ ಮೈಕ್ ಇಳಿಯಿತು. ಹೊರಗಿನಿಂದ ಬಂದಿದ್ದ ಮುಖಂಡರು ಕಾರು ಹತ್ತಿದರು. ಫೋನ್ ಮಾತ್ರ ನಿಲ್ಲಲೇ ಇಲ್ಲ.

ಮರುದಿನ ರಾತ್ರಿ ನಮ್ಮ ಬೀದಿಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಚಿತ್ರ ಬಂತು. ಟಿವಿ ಬ್ರೇಕಿಂಗ್ ನ್ಯೂಸ್ ಥರದ್ದೇ ಕೆಂಪು ಪಟ್ಟಿ, ಮೂಲೆಯಲ್ಲೊಂದು ಲೋಗೊ. ನಮ್ಮ ಕ್ಷೇತ್ರದ ಪಕ್ಷೇತರ ಅಭ್ಯರ್ಥಿಯೊಬ್ಬರು ಕಣದಿಂದ ಹಿಂದೆ ಸರಿದರು ಅಂತ ಅದರಲ್ಲಿತ್ತು. ನಾಮಪತ್ರ ವಾಪಸ್ ಪಡೆಯಲು ಏಪ್ರಿಲ್ 24ಕ್ಕೇ ಗಡುವು ಮುಗಿದಿತ್ತು. ಆಮೇಲೆ ಯಾರು ಏನೇ ಹೇಳಿದರೂ ಮತಯಂತ್ರದಲ್ಲಿ ಹೆಸರು ಇದ್ದೇ ಇರುತ್ತದೆ. ಆದರೆ ಇದು ಎಷ್ಟು ಜನರಿಗೆ ಗೊತ್ತು? ಬೆಳಿಗ್ಗೆ ಪಕ್ಕದ ಮನೆ ಅಜ್ಜಿ ಬಂದು, "ಅವರು ನಿಂತಿಲ್ವಂತಲ್ಲಪ್ಪ, ಈಗ ಯಾರಿಗೆ ಹಾಕೋದು?" ಎಂದು ಕೇಳಿದರು. ಸುಳ್ಳು ಅಂತ ಎಷ್ಟು ಹೇಳಿದರೂ ನಂಬಲಿಲ್ಲ, ಫೋನಿನಲ್ಲಿ ಕಣ್ಣಾರೆ ನೋಡಿದ್ದರಲ್ಲ! "ನಾನು ಕಣದಲ್ಲೇ ಇದ್ದೇನೆ" ಎಂದು ಆ ಅಭ್ಯರ್ಥಿಯ ವಿಡಿಯೊ ಬರುವಷ್ಟರಲ್ಲಿ ಅಜ್ಜಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಾಗಿತ್ತು.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್ ಇರುವುದೇ ಇದಕ್ಕೆ. ಮತದಾನ ಮುಗಿಯುವ ಹೊತ್ತಿನಿಂದ ಹಿಂದಕ್ಕೆ 48 ಗಂಟೆ ಸಭೆ, ಮೆರವಣಿಗೆ, ಟಿವಿ ಪ್ರಚಾರ ಎಲ್ಲ ಬಂದ್. ಮತದಾರ ತಣ್ಣಗೆ ಕೂತು ಯೋಚಿಸಲಿ ಎಂಬುದು ಅದರ ಆಶಯ. ಈಗ ಪ್ರಚಾರವೆಲ್ಲ ಫೋನಿಗೆ ಬಂದಿದೆ, ಈ ಸೆಕ್ಷನ್‌ನಲ್ಲಿ ಅಂತರ್ಜಾಲದ ಹೆಸರೇ ಇಲ್ಲ. 2019ರಲ್ಲಿ ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳು ಸ್ವಯಂ ನೀತಿಸಂಹಿತೆಗೆ ಒಪ್ಪಿದವು. ಈ 48 ಗಂಟೆಯ ಅವಧಿಯಲ್ಲಿ ಚುನಾವಣಾ ಆಯೋಗ ಆದೇಶ ಕೊಟ್ಟರೆ 3 ಗಂಟೆಯೊಳಗೆ ಕ್ರಮವಂತೆ. ಸುಳ್ಳು ಊರೆಲ್ಲ ಸುತ್ತಿ ಬರಲು ಅಷ್ಟು ಹೊತ್ತು ಧಾರಾಳ ಸಾಕು.

ಅಭಿವ್ಯಕ್ತಿ ಸ್ವಾತಂತ್ರ್ಯ ಅಂತ ಕೆಲವರು ಗದ್ದಲ ಮಾಡುತ್ತಾರೆ. ತಿಂಗಳುಗಟ್ಟಲೆ ಕೂಗಿದ ಪಕ್ಷಗಳು ಎರಡು ದಿನ ಸುಮ್ಮನಿದ್ದರೆ ಯಾರ ಸ್ವಾತಂತ್ರ್ಯ ಹೋಗುತ್ತದೆ? ಪೋಸ್ಟ್, ರೀಲ್ಸ್, ಸ್ಟೇಟಸ್ ಎಲ್ಲ ನಿಲ್ಲಲಿ. ತಪ್ಪಿದ ಅಭ್ಯರ್ಥಿಯ ಮೇಲೆ ಕೇಸ್ ಬೀಳಲಿ.

ವಿರೋಧ: ತಡೆದರೆ ಬಾಯಿ ಕಟ್ಟುವುದು ಯಾರದು?

ದುಡ್ಡು ಕೊಟ್ಟು ಹಾಕಿಸುವ ಆನ್‌ಲೈನ್ ಜಾಹೀರಾತು ಆ 48 ಗಂಟೆ ನಿಲ್ಲಲಿ, ಅದಕ್ಕೆ ನನ್ನ ತಕರಾರಿಲ್ಲ. ಅದನ್ನು ಹಿಡಿಯುವುದೂ ಸುಲಭ. ಎಲ್ಲ ಪೋಸ್ಟ್ ನಿಲ್ಲಿಸಿ ಎನ್ನುವುದು ಮಾತ್ರ ಆಗದ ಮಾತು. ಅಣ್ಣ ತಂಗಿಗೆ ಕಳಿಸಿದ ಮೆಸೇಜನ್ನೂ ಪೊಲೀಸರು ಓದಬೇಕೇ?

ಸುಳ್ಳು ಹಬ್ಬಿಸುವವನು ಕಾಯ್ದೆಗೆ ಕಾಯುವುದಿಲ್ಲ. ಹೆಸರಿಲ್ಲದ ನಂಬರಿನಿಂದ ಕಳಿಸುತ್ತಾನೆ. ನಿಯಮ ಪಾಲಿಸುವ ಅಭ್ಯರ್ಥಿ ಮಾತ್ರ ಉತ್ತರ ಕೊಡಲಾಗದೆ ಕೂರಬೇಕಾಗುತ್ತದೆ.

ಇನ್ನೊಂದು ವಿಷಯ. ಮನೆ ಮನೆ ಪ್ರಚಾರಕ್ಕೆ ಕೊನೆಯ ದಿನವೂ ಅಡ್ಡಿಯಿಲ್ಲ. ಪ್ರತಿ ಬೂತಿಗೂ ಕಾರ್ಯಕರ್ತರಿರುವ ದೊಡ್ಡ ಪಕ್ಷಕ್ಕೆ ಅಷ್ಟೇ ಸಾಕು. ಕೈಯಲ್ಲಿ ಜನವೂ ಇಲ್ಲದ, ದುಡ್ಡೂ ಇಲ್ಲದ ಪಕ್ಷೇತರರಿಗೆ ಇರುವುದೊಂದೇ ಫೋನು. ಮತದಾನದ ದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿ ನೋಡಿ: ಆಯೋಗದ ಸಮಿತಿಯಿಂದ ಮೊದಲೇ ಒಪ್ಪಿಗೆ ಪಡೆದಿದ್ದರೆ ಮುಖಪುಟದಲ್ಲೇ ಪಕ್ಷದ ಜಾಹೀರಾತು ಬರಬಹುದು. ಅದನ್ನು ಬಿಟ್ಟು ಫೋನಿಗೆ ಮಾತ್ರ ಬೀಗ ಹಾಕುವುದು ಯಾವ ನ್ಯಾಯ?